ಕಂಬಳಿಹೂ

ಕೇಳುಗರಿಗೆ ನಮಸ್ಕಾರ. ಮೇ ತಿಂಗಳ ರಾಯಚೂರಿನಲ್ಲಿ ಕೂತು ಹಿಮದ ಬೆಟ್ಟದ ಗಿಡವೊಂದರ ಬಗ್ಗೆ ಮಾತಾಡಲು ಬಂದಿದ್ದೇನೆ. ಅದೂ ಇಲ್ಲದ ಗಿಡ. ಮೊನ್ನೆ ಮಧ್ಯಾಹ್ನ ಕರೆಂಟು ಹೋದಾಗ ಸುಮ್ನೆ ತಣ್ಣಗಿನದೇನಾದರೂ ನೆನೆಯೋಣ ಅಂತ ಮೊಮ್ಮಗಳೂ ನಾನೂ ಸೇರಿ ಕಟ್ಟಿದ್ದು. ಹೆಸರು ಅವಳದೇ, ಕಂಬಳಿಹೂ.

ಊರು ಹಿಮಾಲಯ, 4500 ಮೀಟರ್ ಎತ್ತರ. 1000 ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪು. "ನೀರಿಗೇನು ಕಮ್ಮಿ ತಾತ, ಹಿಮ ಇದೆಯಲ್ಲ" ಅಂದಳು. ಎಡವುವುದು ಅಲ್ಲೇ. ಹೆಪ್ಪುಗಟ್ಟಿದ ನೀರನ್ನು ಬೇರು ಕುಡಿಯಲಾರದು. ಸುತ್ತ ಹಿಮ ಇದ್ದರೂ ಗಿಡಕ್ಕೆ ಬರಗಾಲ. ಬರ ಅಂದಮೇಲೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕೆ? ಹೊಲದ ಬದುವಿನಲ್ಲೇ ಮಾದರಿ ಸಿಕ್ಕಿತು.

ನೆಗ್ಗಿಲು ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ. ಕಂಬಳಿಹೂವೂ ಹಾಗೇ ದಿಂಬಿನಂತೆ ನೆಲಕ್ಕೆ ಒತ್ತಿಕೊಂಡಿರಲಿ ಅಂದೆವು. ನೆಲದ ಹತ್ತಿರ ಗಾಳಿಯ ಜೋರು ಕಮ್ಮಿ. ಇನ್ನು ಎಕ್ಕೆ ಎಲೆ ಸವರಿ ನೋಡಿ, ಬಿಳಿ ನವಿರು ಬೆರಳಿಗೆ ಹತ್ತುತ್ತದೆ. ಎಲೆಯ ಪಸೆ ಬೇಗ ಆರದಂತೆ ಅದು ಕಾಯುತ್ತದೆ. ಅದನ್ನೇ ದಪ್ಪ ಮಾಡಿ ನಮ್ಮ ಗಿಡಕ್ಕೆ ಹೊದಿಸಿದೆವು. ಕೊಪ್ಪಳದ ಕಡೆ ಕುರಿ ಕಾಯುವವರು ಒಂದೇ ಕಂಬಳಿಯನ್ನು ಬಿಸಿಲಿಗೂ ಹೊದೆಯುತ್ತಾರೆ, ಚಳಿಗೂ ಹೊದೆಯುತ್ತಾರೆ, ಅಲ್ವಾ?

ಇದು ಪೂರ್ತಿ ಸುಳ್ಳೂ ಅಲ್ಲ. ಹಿಮಾಲಯದಲ್ಲಿ ನಿಜಕ್ಕೂ ಉಣ್ಣೆಯ ಉಂಡೆಯಂಥ ಗಿಡವಿದೆ, ಸಾಸೂರಿಯಾ ಗಾಸಿಪಿಫೋರಾ. ಹತ್ತಿ ಹೊತ್ತದ್ದು ಅಂತ ಅರ್ಥ. ನಮ್ಮ ಹತ್ತಿ ಮಾರುಕಟ್ಟೆಗೆ ಬಂದರೆ ಗುರುತೇ ಸಿಗದು! ನಿಜವಾದ ಬ್ರಹ್ಮಕಮಲವೂ ಇದರ ದಾಯಾದಿ. ನಮ್ಮ ಮನೆ ಕುಂಡದಲ್ಲಿ ರಾತ್ರಿ ಅರಳುತ್ತದಲ್ಲ, ಪೂಜೆ ಮಾಡಿ ಫೋಟೊ ಹಿಡಿಯುತ್ತೇವಲ್ಲ, ಅದು ಅಮೆರಿಕದ ಕಡೆಯ ಒಂದು ಕಳ್ಳಿ. ಹೆಸರು ಮಾತ್ರ ಅಂಟಿಕೊಂಡಿದೆ.

ಹೂವಿಗೊಂದು ಗುಡಾರ ಬೇಕಿತ್ತು. ಅದನ್ನು ಹಿಮಾಲಯದ್ದೇ ಆದ ರಿಯಂ ನೊಬೈಲ್ ಎಂಬ ಗಿಡದಿಂದ ಕದ್ದೆವು. ಆಳೆತ್ತರದ ಗಿಡ. ಅದರ ಹೂಗಳ ಮೇಲೆ ತಿಳಿಹಳದಿ ಎಲೆಗಳ ಮುಚ್ಚಿಗೆ. ಬೆಳಕು ಒಳಗೆ ಬರುತ್ತದೆ, ಸುಡುವ ಅತಿನೇರಳೆ ಕಿರಣ ಹೊರಗೇ ಉಳಿಯುತ್ತದೆ. ಬಿಸಿಲಿದ್ದಾಗ ಒಳಗೆ ಬೆಚ್ಚಗೆ. ಸಣ್ಣ ನುಸಿಗಳು ಬಂದು ಅಲ್ಲೇ ಮೊಟ್ಟೆ ಇಡುತ್ತವೆ. ಬಾಡಿಗೆ ಅಂದರೆ ಪರಾಗ ಸಾಗಿಸುವ ಕೆಲಸ.

ಬೀಜದ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಎಕ್ಕೆ ಬೀಜದ ಹಾಗೆ ಗಾಳಿಗೆ ತೇಲಲಿ ಅಂತ ನಾನು. ನೆಗ್ಗಿಲ ಮುಳ್ಳಿನ ಹಾಗೆ ಕುರಿಯ ಕಾಲಿಗೆ ಚುಚ್ಚಿಕೊಂಡು ಹೋಗಲಿ ಅಂತ ಅವಳು. ಅಷ್ಟರಲ್ಲಿ ಕರೆಂಟು ಬಂತು.

ನಮಸ್ಕಾರ.