ಬಯಲಿನ ಪಿಯಾನೋಗೆ ಮೈಕ್ ಬೇಡ

ನಮಸ್ಕಾರ. ಬಯಲಿನಲ್ಲಿ ಕಛೇರಿ ಎಂದೊಡನೆ ಮೈಕು, ಸ್ಪೀಕರುಗಳು ಇರಲೇಬೇಕೆಂದು ನಾವು ನಂಬಿದ್ದೇವೆ. ಪಿಯಾನೋದ ಮಟ್ಟಿಗೆ ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ದಕ್ಷಿಣ ಫ್ರಾನ್ಸಿನ ಲಾ ರೋಕ್ ದಾಂತೆರಾನ್ ಎಂಬ ಸಣ್ಣ ಊರಿನಲ್ಲಿ, ಫ್ಲೋರಾನ್ ಅರಮನೆಯ ತೋಪಿನೊಳಗೆ, 1981ರಿಂದ ಬೇಸಿಗೆಯ ಪಿಯಾನೋ ಉತ್ಸವ ನಡೆದುಬಂದಿದೆ. ಪ್ಲೇನ್ ಎಂಬ ನೆರಳಿನ ಮರಗಳ ನಡುವಿನ ವೇದಿಕೆಯ ಮೇಲೆ ಚಿಪ್ಪಿನಂತೆ ಬಾಗಿದ ಚಾವಣಿಯೊಂದಿದ್ದು, ಆಕಾಶಕ್ಕೆ ಹಾರಿಹೋಗಬಹುದಾದ ನಾದವನ್ನು ಅದು ಸಭೆಯತ್ತ ತಿರುಗಿಸುತ್ತದೆ. ಹಗಲೆಲ್ಲ ಕಿವಿಗಡಚಿಕ್ಕುವಂತೆ ಕೂಗುವ ಜೀರುಂಡೆಗಳು ಬಿಸಿಲಿಳಿದು ಗಾಳಿ ತಂಪಾದಂತೆ ಸುಮ್ಮನಾಗುತ್ತವೆ. ಕಛೇರಿಗೆ ಅದೇ ತಕ್ಕ ಹೊತ್ತು.

ಆದರೆ ಆ ತಂಪಿನಲ್ಲೇ ಪಿಯಾನೋದ ಕಷ್ಟವೂ ಇದೆ. ಸುಮಾರು 230 ತಂತಿಗಳು, ಒಟ್ಟಾರೆ 20 ಟನ್ನಿನಷ್ಟು ಬಿಗಿತದಲ್ಲಿ ನಿಂತಿರುತ್ತವೆ. ಕಾವಿಗೆ ತಂತಿ ಸಡಿಲಿ ಶ್ರುತಿ ಇಳಿಯುತ್ತದೆ, ತೇವಕ್ಕೆ ತಂತಿಗಳ ಅಡಿಯ ನಾದದ ಹಲಗೆ ಉಬ್ಬಿ ಶ್ರುತಿ ಏರುತ್ತದೆ. ವೈಣಿಕರಂತೆ ನುಡಿಸುತ್ತಲೇ ಬಿರಡೆ ತಿರುಗಿಸಿ ಸರಿಮಾಡಿಕೊಳ್ಳಲು ಇಲ್ಲಿ ಸಾಧ್ಯವಿಲ್ಲ. ಹಾಗಾಗಿ ಶ್ರುತಿ ಮಾಡುವವರು ಕಛೇರಿಗೆ ಮುನ್ನ, ಅಗತ್ಯವಿದ್ದರೆ ವಿರಾಮದಲ್ಲೂ ಬಂದು, ಕಿವಿಗೊಟ್ಟು ಕೂರುತ್ತಾರೆ. ಇಷ್ಟು ಶ್ರದ್ಧೆಯಿಂದ ಹದಗೊಳಿಸಿದ ನಾದವನ್ನು ಸ್ಪೀಕರಿನ ಡಬ್ಬಕ್ಕೆ ಒಪ್ಪಿಸುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

1828ರಲ್ಲಿ, ತೀರಿಕೊಳ್ಳುವ ಕೆಲವೇ ವಾರಗಳ ಮುನ್ನ ಆಸ್ಟ್ರಿಯಾದ ಸಂಯೋಜಕ ಷೂಬರ್ಟ್ ಪಿಯಾನೋಗೆ ಬರೆದ ಕೊನೆಯ ಸೊನಾಟಾವನ್ನು, ಎಂದರೆ ಹಲವು ಭಾಗಗಳ ವಾದ್ಯಕೃತಿಯನ್ನು, ಗಮನಿಸಿ. ಮಂದಗತಿಯ ಮೊದಲ ಸಾಲು ಮುಗಿಯುವಲ್ಲಿ ಎಡಗೈ ತೀರ ಕೆಳಗಿನ ಸ್ಥಾಯಿಯಲ್ಲಿ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ, ಒಂದು ಕಂಪನವನ್ನು ನುಡಿಸಿ ನಿಲ್ಲುತ್ತದೆ. ಸ್ಪೀಕರಿನಲ್ಲಿ ಅದು ಬರಿಯ ಗುಡುಗಾಗಿಬಿಡುತ್ತದೆ. ಮೈಕಿಲ್ಲದಿದ್ದರೆ ನಾವೇ ಕಿವಿ ಚಾಚಿ ಅದರ ಬಳಿಗೆ ಹೋಗಬೇಕಾಗುತ್ತದೆ. ಸಂಯೋಜಕನಿಗೆ ಬೇಕಾಗಿದ್ದುದು ಆ ಚಾಚುವಿಕೆ ಎಂದು ನಾನು ಭಾವಿಸುತ್ತೇನೆ.

ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದ ರಾಮನವಮಿ ಕಛೇರಿಗಳನ್ನು ಕೇಳಿ ಬೆಳೆದವರಿಗೆ ಬೇಸಿಗೆಯ ಸಂಜೆ, ಬಯಲು, ಸಂಗೀತ ಯಾವುದೂ ಹೊಸದಲ್ಲ. ಪಕ್ಕದಲ್ಲೇ ವಾಹನಗಳು ಓಡುವ ಅಲ್ಲಿ ಮೈಕು ಅನಿವಾರ್ಯವೆಂಬುದು ನಿಜ. ಆದರೆ ನಮ್ಮಲ್ಲಿ ಯಾರಾದರೂ ಬಯಲಿನಲ್ಲಿ ಪಿಯಾನೋ ಸಂಜೆ ಏರ್ಪಡಿಸುವುದಾದರೆ ರಸ್ತೆಯಿಂದ ದೂರದ ಜಾಗ ಹುಡುಕಲಿ, ಸ್ಪೀಕರಿನ ಬಾಡಿಗೆಯ ಹಣವನ್ನು ನಾದ ತಿರುಗಿಸುವ ಚಾವಣಿಗೂ ಶ್ರುತಿ ಮಾಡುವವರಿಗೂ ವಿನಿಯೋಗಿಸಲಿ. ಹಾಗೆ ಮಾಡಿದರೆ ಕೂರುವವರ ಸಂಖ್ಯೆ ಕಡಿಮೆಯಾಗುತ್ತದೆ ಎಂಬ ಆಕ್ಷೇಪ ಸರಿಯೇ. ಅದಕ್ಕೆ ಅದೇ ಕಛೇರಿಯನ್ನು ಎರಡು ಸಂಜೆ ನಡೆಸಬಹುದು.