ತಲೆ ಓಡಿಸದ ವ್ಯಾಪಾರಿಗಳ ಮಾರುಕಟ್ಟೆ

ಸ್ಕ್ರೀನ್ ಮೇಲೆ ಕೆಂಪು, ಹಸಿರು ಚುಕ್ಕೆಗಳು ಕಾಣ್ತಿವೆಯಲ್ಲ, ಏಜೆಂಟ್ ಆಧಾರಿತ ಅರ್ಥಶಾಸ್ತ್ರದ ಸಮ್ಮರ್ ಸ್ಕೂಲಲ್ಲಿ ನಮಗೆ ಮೊದಲು ಕೊಟ್ಟ ಮಾಡೆಲ್ ಇದೇ. ಒಂದೊಂದು ಚುಕ್ಕೆನೂ ಒಂದು ಮನೆತನ ಅಂದ್ಕೊಳ್ಳಿ. ಅವರ ಬೇಡಿಕೆ ತುಂಬಾ ಸಣ್ಣದು: ಅಕ್ಕಪಕ್ಕದವರಲ್ಲಿ ಶೇಕಡಾ 30ರಷ್ಟು ಜನ ನಮ್ಮ ಬಣ್ಣದವರಿದ್ರೆ ಸಾಕು, ಮಿಕ್ಕವರು ಯಾರಾದ್ರೂ ಇರಲಿ. ಅಷ್ಟೂ ಇಲ್ಲ ಅಂದ್ರೆ ಮಾತ್ರ ಬೇರೆ ಖಾಲಿ ಜಾಗಕ್ಕೆ ಹೋಗ್ತಾರೆ.

ಈಗ ರನ್ ಮಾಡ್ತೀನಿ. ನೋಡನೋಡ್ತಾ ಕೆಂಪಿನವರದೇ ಒಂದು ಕೇರಿ, ಹಸಿರಿನವರದೇ ಇನ್ನೊಂದು. ಎಲ್ಲರೂ ನಿಂತ ಮೇಲೆ ಲೆಕ್ಕ ಹಾಕಿದ್ರೆ, ಸರಾಸರಿ ನೆರೆಹೊರೆಯಲ್ಲಿ ಸುಮಾರು ಶೇಕಡಾ 70 ಜನ ಸ್ವಂತ ಬಣ್ಣದವರೇ. ಇಷ್ಟು ಬೇಕು ಅಂತ ಇವರಲ್ಲಿ ಒಬ್ಬರೂ ಕೇಳಿರಲಿಲ್ಲ.

ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಇದನ್ನ 1971ರಲ್ಲೇ ಬರೆದ್ರು, ಅಮೆರಿಕದ ನಗರಗಳಲ್ಲಿ ಕಪ್ಪು ಜನ, ಬಿಳಿ ಜನ ಬೇರೆ ಬೇರೆ ಬಡಾವಣೆಗಳಲ್ಲಿ ಇರೋದನ್ನ ಮನಸ್ಸಲ್ಲಿಟ್ಕೊಂಡು. ಹಾಗಂತ ಅಲ್ಲಿ ದ್ವೇಷ ಇರಲಿಲ್ಲ, ಮನೆ ಸಾಲದಲ್ಲಿ ತಾರತಮ್ಯ ಇರಲಿಲ್ಲ ಅಂತ ಈ ಮಾಡೆಲ್ ಹೇಳಲ್ಲ. ಅವೆರಡೂ ನಿಜವಾಗಿ ನಡೆದಿದ್ದವು. ಇದು ಹೇಳೋದು ಇಷ್ಟೇ: ಕಣ್ಣಿಗೆ ಕಾಣೋ ಫಲಿತಾಂಶ ನೋಡಿ ಜನರ ಮನಸ್ಸಲ್ಲಿ ಏನಿತ್ತು ಅಂತ ತೀರ್ಮಾನ ಮಾಡೋಕಾಗಲ್ಲ. ಈ ವಿಡಿಯೋದಲ್ಲಿ ನಾನು ಹೇಳ್ಬೇಕು ಅಂತಿರೋದೂ ಇದನ್ನೇ.

ಆ ಚುಕ್ಕೆಗಳಂಥವನ್ನೇ ಏಜೆಂಟ್ ಅನ್ನೋದು. ಏಜೆಂಟ್ ಅಂದ್ರೆ ಇಲ್ಲಿ ದಲ್ಲಾಳಿ ಅಲ್ಲ. ಕಂಪ್ಯೂಟರ್ ಒಳಗೆ ತನ್ನದೇ ರೂಲ್ ಇಟ್ಕೊಂಡು ನಡ್ಕೊಳ್ಳೋ ಒಂದು ಜೀವ. ಗ್ರಾಹಕ, ಕಂಪನಿ, ಬ್ಯಾಂಕ್, ಏನು ಬೇಕಾದ್ರೂ ಆಗಬಹುದು. ಪಠ್ಯಪುಸ್ತಕದ ಎಷ್ಟೋ ಮಾಡೆಲ್‌ಗಳಲ್ಲಿ ಇಡೀ ದೇಶದ ಗ್ರಾಹಕರಿಗೆಲ್ಲ ಒಬ್ಬನೇ ಪ್ರತಿನಿಧಿ ಇರ್ತಾನೆ. ಒಬ್ಬನೇ ಇದ್ದ ಮೇಲೆ ಅವನು ಯಾರನ್ನ ನೋಡಿ ಗಾಬರಿ ಆಗ್ತಾನೆ, ಯಾರ ಸಾಲ ಮುಳುಗಿದ್ದಕ್ಕೆ ತಾನೂ ಮುಳುಗ್ತಾನೆ? ನನ್ನನ್ನ ಈ ಕಡೆ ಎಳೆದು ತಂದಿದ್ದೇ ಆ ಪ್ರಶ್ನೆ.

ಸರಿ, ಈಗ ನನಗೆ ತುಂಬಾ ಇಷ್ಟವಾದ ಭಾಗ. ಧನಂಜಯ ಗೋಡೆ ಮತ್ತು ಶ್ಯಾಮ್ ಸುಂದರ್ ಅನ್ನೋ ಇಬ್ಬರು ಸಂಶೋಧಕರು 1993ರಲ್ಲಿ ಕಂಪ್ಯೂಟರ್ ಒಳಗೆ ಒಂದು ಮಾರುಕಟ್ಟೆ ಕಟ್ಟಿದ್ರು. ಅದರಲ್ಲಿ ವ್ಯಾಪಾರ ಮಾಡೋರಿಗೆ ಬುದ್ಧಿನೇ ಇಲ್ಲ. ನೆನಪಿಲ್ಲ, ಕಲಿಯೋದಿಲ್ಲ, ಲಾಭದ ಆಸೆನೂ ಇಲ್ಲ. ಬಾಯಿಗೆ ಬಂದ ಬೆಲೆ ಕೂಗ್ತಾರೆ. ಒಂದೇ ಒಂದು ಕಟ್ಟುಪಾಡು ಏನಂದ್ರೆ, ನಷ್ಟದ ವ್ಯಾಪಾರ ಮಾಡೋ ಹಾಗಿಲ್ಲ. ಒಂದು ವಸ್ತು ನನಗೆ 100ಕ್ಕೆ ಬಾಳುತ್ತೆ ಅಂದ್ರೆ 100ರ ಒಳಗೆ ಯಾವ ಸಂಖ್ಯೆನಾದ್ರೂ ಕೂಗ್ತೀನಿ. ಮಾರೋನಿಗೆ 60 ಖರ್ಚಾಗಿದ್ರೆ ಅವನು 60ರ ಮೇಲೆ ಎಷ್ಟಾದ್ರೂ ಹೇಳ್ತಾನೆ. ಕೊಳ್ಳೋನ ಕೂಗು ಮಾರೋನ ಕೂಗನ್ನ ಮುಟ್ಟಿದ ಅಥವಾ ದಾಟಿದ ಕ್ಷಣ ವ್ಯವಹಾರ ಮುಗೀತು.

ಇಂಥ ಸಂತೆಯಿಂದ ಏನು ಬರುತ್ತೆ? ವ್ಯಾಪಾರದಿಂದ ಎಲ್ಲರಿಗೂ ಸೇರಿ ಎಷ್ಟು ಲಾಭ ಹುಟ್ಟಬಹುದಿತ್ತೋ, ಅದರಲ್ಲಿ ಹತ್ತಿರ ಹತ್ತಿರ ಶೇಕಡಾ 100 ಹುಟ್ಟಿಬಿಡುತ್ತೆ. ಅದೇ ಮಾರುಕಟ್ಟೆಯಲ್ಲಿ ನಿಜವಾದ ಮನುಷ್ಯರನ್ನ ಕೂರಿಸಿದಾಗ ಬಂದಿದ್ದೂ ಹೆಚ್ಚುಕಡಿಮೆ ಅಷ್ಟೇ.

ಲ್ಯಾಬಲ್ಲಿ ನಾವೂ ಇದನ್ನೇ ಬರೆದ್ವಿ. ಆಮೇಲೆ ಮೇಷ್ಟ್ರು ಒಂದೇ ಒಂದು ಸಾಲು ಅಳಿಸಿ ಅಂದ್ರು, ಆ ನಷ್ಟ ತಡೆಯೋ ಸಾಲು. ಅಳಿಸಿ ರನ್ ಮಾಡಿದ ಮೇಲಿನ ಗ್ರಾಫ್ ಇದು. ಮೊದಲಿನದರಲ್ಲಿ ಬೆಲೆ ಕುಣೀತಾ ಕುಣೀತಾ ಕೊನೆಗೆ ಒಂದು ಮಟ್ಟದ ಹತ್ತಿರ ಬರ್ತಿತ್ತು. ಇದರಲ್ಲಿ ಗೆರೆ ಮೇಲಿಂದ ಕೆಳಗೆ ಜಿಗೀತಾನೇ ಇದೆ, ಎಲ್ಲೂ ನಿಲ್ತಿಲ್ಲ. ಕೊಳ್ಳೋರು ಮಾರೋರು ಆಗಲೂ ಪೆದ್ದರೇ, ಈಗಲೂ ಪೆದ್ದರೇ. ಬದಲಾಗಿದ್ದು ಸಂತೆಯ ನಿಯಮ. ಜಾಣತನ ನಿಯಮದಲ್ಲೂ ಕೂತಿರುತ್ತೆ ಅನ್ನೋದು ನನಗೆ ಓದಿ ಗೊತ್ತಿತ್ತು, ಆದ್ರೆ ಹೀಗೆ ಕಣ್ಣಾರೆ ನೋಡೋದೇ ಬೇರೆ.

ಇದಕ್ಕೂ ಮಿತಿ ಇದೆ. 1997ರ ಹೊತ್ತಿಗೆ ಕಂಪ್ಯೂಟರ್ ವಿಜ್ಞಾನಿ ಡೇವ್ ಕ್ಲಿಫ್ ತೋರಿಸಿದ ಪ್ರಕಾರ, ಬೇಡಿಕೆ ಮತ್ತು ಪೂರೈಕೆಯ ಗೆರೆಗಳ ಆಕಾರ ಬದಲಾದ್ರೆ ಈ ಪೆದ್ದ ವ್ಯಾಪಾರಿಗಳ ಬೆಲೆ ಸಮತೋಲನದ, ಅಂದ್ರೆ ಬೇಡಿಕೆ ಪೂರೈಕೆ ಎರಡೂ ಸರಿಹೊಂದೋ ಬೆಲೆಯ, ಹತ್ತಿರಕ್ಕೂ ಬರಲ್ಲ. ಅಲ್ಲಿ ಸ್ವಲ್ಪ ಕಲಿಯೋ ಶಕ್ತಿ ಬೇಕೇ ಬೇಕು. ಮಾರುಕಟ್ಟೆ ತಾನಾಗೇ ಎಲ್ಲ ಸರಿ ಮಾಡುತ್ತೆ ಅನ್ನೋಕೆ 1993ರ ಫಲಿತಾಂಶ ತೋರಿಸೋರು ಈ ಭಾಗನೂ ಹೇಳ್ಬೇಕು ಅಂತ ನನ್ನ ಅಭಿಪ್ರಾಯ.

ಕೋರ್ಸಿನ ಬಹುಪಾಲು ಹೊತ್ತು ಹೋಗಿದ್ದು ಇಷ್ಟು ಸೊಗಸಾದ ಕೆಲಸಕ್ಕಲ್ಲ. ಈ ಮಾಡೆಲ್‌ಗಳಲ್ಲಿ ಯಾದೃಚ್ಛಿಕ ಸಂಖ್ಯೆಗಳು, ಅಂದ್ರೆ ದಾಳ ಉರುಳಿಸಿದ ಹಾಗೆ ಬರೋ ಸಂಖ್ಯೆಗಳು, ಇರ್ತವೆ, ಹಾಗಾಗಿ ಪ್ರತಿ ಸಲ ರನ್ ಮಾಡಿದಾಗ್ಲೂ ಬೇರೆ ಕಥೆ. ಒಂದಗುಳು ಹಿಚುಕಿ ಅನ್ನ ಬೆಂತು ಅನ್ನೋ ಹಾಗಿಲ್ಲ. ನೂರಾರು ಸಲ ಓಡಿಸ್ಬೇಕು, ಸರಾಸರಿ ಮಾತ್ರ ಅಲ್ಲ, ಎಷ್ಟು ಹರಡಿಕೊಂಡಿದೆ ಅನ್ನೋದನ್ನೂ ನೋಡ್ಬೇಕು. ರೂಲ್‌ಗಳನ್ನ ಒಂದೊಂದಾಗಿ ಅಲುಗಾಡಿಸ್ಬೇಕು.

ಒಂದು ಅಭ್ಯಾಸ ಹೇಳ್ತೀನಿ. ಇನ್ನೊಂದು ತಂಡದ ಮಾಡೆಲನ್ನ, ಅವರ ಕೋಡ್ ನೋಡದೆ, ಬರೀ ವಿವರಣೆ ಓದಿ ನಾವು ಕಟ್ಟಬೇಕಿತ್ತು. ಕಟ್ಟಿದ್ವಿ, ಗ್ರಾಫ್ ಹೊಂದಲಿಲ್ಲ. ಕೂತು ಹುಡುಕಿದ್ರೆ ವ್ಯತ್ಯಾಸ ಇದ್ದಿದ್ದು ಸರದಿಯಲ್ಲಿ. ಅವರಲ್ಲಿ ಎಲ್ಲ ಏಜೆಂಟ್‌ಗಳೂ ಒಟ್ಟಿಗೆ ನಿರ್ಧಾರ ತಗೋತಿದ್ವು, ನಮ್ಮಲ್ಲಿ ಒಬ್ಬರಾದ ಮೇಲೊಬ್ಬರು. ಆವತ್ತಿಂದ ಯಾವ ಪೇಪರ್ ಓದಿದ್ರೂ ನಾನು ಮೊದಲು ಹುಡುಕೋದು ಸರದಿ ಹೇಳೋ ಸಾಲನ್ನೇ.

ಶುರು ಮಾಡ್ಬೇಕು ಅನ್ನೋರಿಗೆ: ನೆಟ್‌ಲೋಗೋ ಅಂತ ಒಂದು ಸಾಫ್ಟ್‌ವೇರ್ ಇದೆ, ಉಚಿತ, ಯೂರಿ ವಿಲೆನ್ಸ್ಕಿ 1999ರಲ್ಲಿ ಹೊರತಂದಿದ್ದು. ಕೋಡಿಂಗ್ ಬರದವರಿಗೂ ಕೈಗೆ ಸಿಗುತ್ತೆ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ ಇಂಥ ಮಾಡೆಲ್ ಕಟ್ಟೋಕೆ ಮೆಸಾ ಅನ್ನೋ ಲೈಬ್ರರಿ ಇದೆ. ಇವುಗಳಲ್ಲಿರೋ ರೆಡಿ ಮಾಡೆಲ್‌ಗಳನ್ನ ನೋಡ್ತಾ ಕೂರೋ ಬದಲು, ಆ ಪೆದ್ದ ವ್ಯಾಪಾರಿಗಳ ಸಂತೆಯನ್ನ ಸ್ವಂತ ಕೈಯಲ್ಲಿ ಬರೀರಿ, ಕೋಡ್ ತುಂಬಾ ಉದ್ದ ಆಗಲ್ಲ. ನಷ್ಟ ತಡೆಯೋ ಸಾಲನ್ನ ಒಮ್ಮೆ ಇಟ್ಟು, ಒಮ್ಮೆ ತೆಗೆದು, ಎರಡೂ ಗ್ರಾಫನ್ನ ಪಕ್ಕಪಕ್ಕ ಇಟ್ಕೊಂಡು ನೋಡಿ.