ಡೆಡ್‌ವ್ಲೇಯ ಒಣಮರಗಳ ಮುಂದೆ ಟಿಲ್ಟ್-ಶಿಫ್ಟ್ ಲೆನ್ಸ್

ನಮಸ್ಕಾರ. ನೀವೀಗ ನೋಡುತ್ತಿರುವುದು ಆಫ್ರಿಕಾದ ನಮೀಬಿಯಾ ದೇಶದ ನಮೀಬ್ ಮರುಭೂಮಿಯಲ್ಲಿರುವ ಡೆಡ್‌ವ್ಲೇ. ಹಿಂದೆ ತ್ಸೌಚಾಬ್ ನದಿಯ ನೆರೆನೀರು ಬಂದು ನಿಲ್ಲುತ್ತಿದ್ದ ಈ ತಗ್ಗಿಗೆ ಮರಳದಿಣ್ಣೆಗಳು ಅಡ್ಡ ಬೆಳೆದು ನೀರಿನ ದಾರಿ ಮುಚ್ಚಿದ ಮೇಲೆ, ಇಲ್ಲಿದ್ದ ಜಾಲಿಯ ಜಾತಿಯ ಮರಗಳೆಲ್ಲ ನಿಂತಲ್ಲೇ ಒಣಗಿದವು. ಆರೇಳು ನೂರು ವರ್ಷಗಳಾದರೂ, ಕೊಳೆಯುವುದಕ್ಕೆ ಬೇಕಾದ ತೇವವೇ ಇಲ್ಲದ ಕಾರಣ, ಬಿಸಿಲಿಗೆ ಕಪ್ಪಾದ ಕಾಂಡಗಳು ಬಿಳಿ ಜೇಡಿಯ ನೆಲದ ಮೇಲೆ ಹಾಗೆಯೇ ಉಳಿದಿವೆ.

ಟ್ರೈಪಾಡಿನ ಮೇಲಿರುವುದು 2009ರಲ್ಲಿ ಬಂದ ಕ್ಯಾನನ್ 17 ಮಿ.ಮೀ. ಟಿಲ್ಟ್-ಶಿಫ್ಟ್ ಲೆನ್ಸ್, ಅಂದರೆ ಬಾಗಿಸಲೂ (ಟಿಲ್ಟ್) ಪಕ್ಕಕ್ಕೋ ಮೇಲಕ್ಕೋ ಸರಿಸಲೂ (ಶಿಫ್ಟ್) ಬರುವ ಲೆನ್ಸ್. ಇದಕ್ಕೆ ಆಟೋಫೋಕಸ್ ಇಲ್ಲ. ಮುಂಗಾಜು ಉಬ್ಬಿಕೊಂಡಿರುವುದರಿಂದ ಫಿಲ್ಟರ್ ತಿರುಗಿಸಿ ಕೂರಿಸುವಂತೆಯೂ ಇಲ್ಲ.

ನಾನು ಇದನ್ನು ಕೊಂಡದ್ದು ಟಿಲ್ಟ್‌ನ ಆಸೆಗೆ. ಸಾಧಾರಣ ಲೆನ್ಸಿನಲ್ಲಿ ಫೋಕಸ್ ಆಗುವ ಸಮತಲ ನಮ್ಮೆದುರು ಗೋಡೆಯಂತೆ ನಿಂತಿರುತ್ತದೆ; ಲೆನ್ಸನ್ನು ತುಸು ಮುಂದಕ್ಕೆ ಬಾಗಿಸಿದರೆ ಆ ಗೋಡೆಯೇ ಚಾಪೆಯಂತೆ ನೆಲಕ್ಕೆ ಒರಗುತ್ತದೆ. ಆಸ್ಟ್ರಿಯಾದ ಸೇನಾಧಿಕಾರಿ ಥಿಯೋಡೋರ್ ಶೈಂಪ್‌ಫ್ಲೂಗ್ ಅವರ ಹೆಸರಿನಲ್ಲಿರುವ ತತ್ತ್ವ ಇದು. ಲೆನ್ಸು ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದ್ದರೆ ಸುಮಾರು 2 ಡಿಗ್ರಿ ಬಾಗಿಸಬೇಕು, ಒಂದು ಮೀಟರಿದ್ದರೆ 1 ಡಿಗ್ರಿ ಸಾಕು.

ಮೊದಲ ಬೆಳಿಗ್ಗೆ ಹಾಗೆಯೇ ಮಾಡಿದೆ. ಬೆಳಕಿನ ಕಿಂಡಿಯನ್ನು ಅಗಲವಾಗಿ ತೆರೆದ ಎಫ್ 4ರಲ್ಲಿಯೂ ಕಾಲಬುಡದ ಜೇಡಿಯ ಬಿರುಕುಗಳಿಂದ ದೂರದ ದಿಣ್ಣೆಯ ಬುಡದವರೆಗೆ ನೆಲವೆಲ್ಲ ಸ್ಪಷ್ಟವಾಗಿತ್ತು. ರಾತ್ರಿ ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿ ನೋಡಿದರೆ, ನಾಲ್ಕು ಮೀಟರ್ ದೂರದ ಮರದ ಬುಡ ಕೊರೆದಿಟ್ಟಂತಿದೆ, ಕೊಂಬೆಗಳ ತುದಿ ಮಾತ್ರ ಮಂಜಾಗಿದೆ. ಬಾಗಿಸಿದಾಗ ಸ್ಪಷ್ಟವಾಗುವ ವಲಯ ಬೆಣೆಯ ಆಕಾರದ್ದು, ಕ್ಯಾಮೆರಾದ ಹತ್ತಿರ ತೆಳು, ದೂರ ಹೋದಂತೆ ದಪ್ಪ. ಹತ್ತಿರದ ಮರದ ತಲೆ ಅದರಿಂದ ಹೊರಗೆ ಉಳಿದಿತ್ತು. ಟಿಲ್ಟ್ ಸೊನ್ನೆಗಿಟ್ಟು, ಕಿಂಡಿಯನ್ನು ಎಫ್ 11ಕ್ಕೆ ಕಿರಿದಾಗಿಸಿ, ಒಂದು ಮೀಟರಿನ ಸುಮಾರಿಗೆ ಫೋಕಸ್ ಮಾಡಿದ್ದರೆ ಅರ್ಧ ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸಿಗುತ್ತಿತ್ತು ಎಂಬುದು ಆಮೇಲೆ ಹೊಳೆಯಿತು. ಇಷ್ಟು ಅಗಲ ನೋಟದ ಲೆನ್ಸಿಗೆ ಟಿಲ್ಟ್ ಬೇಕಾಗುವುದೇ ಅಪರೂಪ!

ಇಲ್ಲಿ ದುಡಿಯುವುದು ಶಿಫ್ಟ್. ಕ್ಯಾಮೆರಾದ ಮುಖವನ್ನು ಮೇಲಕ್ಕೆತ್ತಿದರೆ ಮರಗಳು ಹಿಂದಕ್ಕೆ ವಾಲಿದಂತೆ ಕಾಣುತ್ತವೆ. ಅದನ್ನು ಬಾಗಿಸದೆ ಮಟ್ಟವಾಗಿಯೇ ಇಟ್ಟು ಲೆನ್ಸನ್ನಷ್ಟೇ ಮೇಲಕ್ಕೆ ಸರಿಸಿದರೆ ಮರಗಳೂ ನೆಟ್ಟಗಿರುತ್ತವೆ, ಮುನ್ನೂರು ಮೀಟರಿಗೂ ಎತ್ತರದ ದಿಣ್ಣೆಯ ನೆತ್ತಿಯೂ ಚೌಕಟ್ಟಿಗೆ ಬರುತ್ತದೆ. ಎಡಕ್ಕೂ ಬಲಕ್ಕೂ 12 ಮಿ.ಮೀ. ಸರಿಸಿ ಮೂರು ಚಿತ್ರ ತೆಗೆದು ಜೋಡಿಸಿದರೆ 93 ಡಿಗ್ರಿಯ ನೋಟ ಸುಮಾರು 121 ಡಿಗ್ರಿಗೆ ಹಿಗ್ಗುತ್ತದೆ. ಆದರೆ ಲೆನ್ಸು ಸರಿದಾಡಿದರೆ ಹತ್ತಿರದ ಕೊಂಬೆಗಳು ಜೋಡಣೆಯಲ್ಲಿ ಎರಡೆರಡಾಗುತ್ತವೆ. ಆದ್ದರಿಂದ ಲೆನ್ಸನ್ನೇ ಕಾಲರ್ (ಸುತ್ತ ಹಿಡಿಯುವ ಬಳೆ) ಹಾಕಿ ಟ್ರೈಪಾಡಿಗೆ ಬಿಗಿದು ಕ್ಯಾಮೆರಾ ಸರಿಯುವಂತೆ ಮಾಡಿದ್ದೇನೆ. ಶಿಫ್ಟ್ ಮಾಡುವುದಕ್ಕೆ ಮೊದಲೇ ಬೆಳಕಿನ ಅಳತೆ ತೆಗೆದುಕೊಳ್ಳಬೇಕು. ಸರಿಸಿದ ಮೇಲೆ ಕ್ಯಾಮೆರಾದ ಬೆಳಕಿನ ಮೀಟರ್ ತಪ್ಪು ಹೇಳುತ್ತದೆ.

ಇದೋ, ಹಿಂದಿನ ದಿಣ್ಣೆಗೆ ಬಿಸಿಲು ತಾಗಿ ಕೆಂಡದ ಬಣ್ಣ ಬಂದಿದೆ, ತಗ್ಗಿನ ನೆಲ ಇನ್ನೂ ನೀಲಿ ನೆರಳಿನಲ್ಲಿದೆ. ಮೊದಲನೆಯದು, ಎರಡನೆಯದು ಆಯಿತು. ಮೂರನೆಯದಕ್ಕೆ ಶಿಫ್ಟಿನ ಗುಂಡಿ ತಿರುಗಿಸುವಷ್ಟರಲ್ಲಿ ಮರಳು ಸಿಕ್ಕಿ ಕರಕರ ಎಂದಿತು, ಬಿಡಿಸುವ ಹೊತ್ತಿಗೆ ಬಲತುದಿಯ ಮರದ ಬುಡಕ್ಕೆ ಬಿಸಿಲು ಬಂದೇಬಿಟ್ಟಿತು. ನಾಳೆ ಮತ್ತೆ ಬರಬೇಕು.